ಮಗುವಿಗೆ ಶಾಲೆಯಲ್ಲಿ ಕಾಟ: ಮೊದಲ ಮಾತಿನಿಂದ ಧೈರ್ಯ ಮರಳುವವರೆಗೆ

ಮಕ್ಕಳು ಜಗಳವಾಡುತ್ತಾರೆ, ರೇಗಿಸುತ್ತಾರೆ, ಮರುದಿನ ಒಟ್ಟಿಗೇ ಆಡುತ್ತಾರೆ. ಅದು ಕಾಟವಲ್ಲ, ಅಂದರೆ ಬುಲ್ಲಿಯಿಂಗ್ ಅಲ್ಲ. ಈ ವಿಷಯವನ್ನು 1970ರ ದಶಕದಿಂದಲೇ ಅಧ್ಯಯನ ಮಾಡಿದ ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ ಕೊಟ್ಟ ಮೂರು ಗುರುತುಗಳು ಇಂದಿಗೂ ಬಳಕೆಯಲ್ಲಿವೆ: ನೋಯಿಸಬೇಕೆಂದೇ ಮಾಡಿದ್ದು, ಮತ್ತೆ ಮತ್ತೆ ನಡೆಯುವುದು, ಇಬ್ಬರ ನಡುವೆ ಬಲದ ಅಂತರವಿರುವುದು. ಬಲವೆಂದರೆ ಮೈಕಟ್ಟು ಮಾತ್ರವಲ್ಲ. ವಯಸ್ಸು, ಬೆನ್ನಿಗಿರುವ ಗೆಳೆಯರ ಗುಂಪು, ಮಾತಿನ ಚುರುಕು, ಯಾವುದೋ ಗುಟ್ಟು ಗೊತ್ತಿರುವುದು, ಎಲ್ಲವೂ ಬಲವೇ. ಮದ್ದನ್ನು ನಿರ್ಧರಿಸುವುದು ಈ ಮೂರನೆಯ ಗುರುತು. ಸಮಬಲರ ಜಗಳವನ್ನು ಇಬ್ಬರನ್ನೂ ಎದುರು ಕೂರಿಸಿ ಬಗೆಹರಿಸಬಹುದು. ಕಾಟ ಕೊಡುವವನ ಎದುರು ಹೆದರಿದ ಮಗುವನ್ನು ಕೂರಿಸಿ ‘ಕೈ ಕುಲುಕಿ’ ಎಂದರೆ, ಆ ಕೋಣೆಯಲ್ಲಿ ಅದು ಒಪ್ಪಿಕೊಂಡು ಬರುತ್ತದೆ, ಹೊರಗೆ ಬಂದಮೇಲೆ ‘ದೂರು ಹೇಳಿದ್ದೀಯಾ’ ಎಂಬ ಸೇಡನ್ನೂ ಅನುಭವಿಸುತ್ತದೆ.

ಮಕ್ಕಳು ತಾವಾಗಿ ಹೇಳುವುದು ಕಡಿಮೆ. ಭಾನುವಾರ ಸಂಜೆಗೆ ಸರಿಯಾಗಿ ಬರುವ ಹೊಟ್ಟೆನೋವು, ಮುಟ್ಟದೆ ವಾಪಸು ಬರುವ ಊಟದ ಡಬ್ಬಿ, ಪದೇ ಪದೇ ಕಳೆಯುವ ಪೆನ್ನು ಪುಸ್ತಕ, ಮನೆಗೆ ಬಂದ ಕೂಡಲೇ ಶೌಚಾಲಯಕ್ಕೆ ಓಡುವುದು (ಶಾಲೆಯ ಶೌಚಾಲಯಕ್ಕೆ ಹೋಗಲು ಹೆದರಿಕೆ ಇದ್ದಾಗ ಹೀಗಾಗುತ್ತದೆ), ಇದ್ದಕ್ಕಿದ್ದಂತೆ ತಮ್ಮ ತಂಗಿಯರ ಮೇಲೆ ಕೈ ಮಾಡುವುದು: ಇವುಗಳಲ್ಲಿ ಒಂದೇ ಕಂಡರೆ ಏನನ್ನೂ ಹೇಳಲಾಗದು. ಎರಡು ಮೂರು ಒಟ್ಟಿಗೆ ಕಂಡು ವಾರಗಟ್ಟಲೆ ಮುಂದುವರಿದರೆ ಕೇಳಲೇಬೇಕು.

ಮೊದಲ ಮಾತು

ಎದುರು ಕೂರಿಸಿ ಕೇಳಬೇಡಿ. ನಡೆಯುವಾಗ, ಪಾತ್ರೆ ಒರೆಸುವಾಗ, ಕಣ್ಣಿಗೆ ಕಣ್ಣು ಕೊಡಬೇಕಿಲ್ಲದ ಹೊತ್ತಿನಲ್ಲಿ ಕೇಳಿ. ‘ಯಾರಾದರೂ ಕಾಟ ಕೊಡುತ್ತಿದ್ದಾರಾ?’ ಎಂದರೆ ‘ಇಲ್ಲ’ ಎಂಬ ಉತ್ತರ ಸುಲಭ. ‘ಊಟದ ಬಿಡುವಿನಲ್ಲಿ ಯಾರ ಪಕ್ಕ ಕೂರುತ್ತೀಯ?’, ‘ದಿನದಲ್ಲಿ ಯಾವ ಹೊತ್ತು ಬೇಗ ಮುಗಿದರೆ ಸಾಕು ಅನ್ನಿಸುತ್ತದೆ?’ ಎಂದು ಕೇಳಿದರೆ ಸಂಗತಿ ಹೊರಬರುತ್ತದೆ.

ಮಗು ಹೇಳತೊಡಗಿದಾಗ ನಡುವೆ ಬಾಯಿ ಹಾಕಬಾರದು. ಮುಗಿದ ಮೇಲೆ ಮೂರು ಮಾತು ಸಾಕು: ‘ಹೇಳಿದ್ದು ಒಳ್ಳೆಯದಾಯಿತು. ಇದು ನಿನ್ನ ತಪ್ಪಲ್ಲ. ಮುಂದೇನು ಮಾಡೋಣ ಅಂತ ಇಬ್ಬರೂ ಸೇರಿ ಯೋಚಿಸೋಣ.’ ‘ನೀನೇನು ಮಾಡಿದೆ?’ ಎಂಬ ಪ್ರಶ್ನೆ ಆ ದಿನಕ್ಕೆ ಬೇಡವೇ ಬೇಡ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡುವುದೂ ಬೇಡ, ಅದನ್ನು ಉಳಿಸಿಕೊಳ್ಳಲಾಗುವುದಿಲ್ಲ. ‘ನಿನಗೆ ತಿಳಿಸದೆ ಯಾವ ಹೆಜ್ಜೆಯನ್ನೂ ಇಡುವುದಿಲ್ಲ’ ಎನ್ನಿ. ಕಾಟ ಮಗುವಿನಿಂದ ಕಿತ್ತುಕೊಳ್ಳುವುದು ತನ್ನ ಬದುಕು ತನ್ನ ಕೈಯಲ್ಲಿದೆ ಎಂಬ ಭಾವನೆಯನ್ನು. ದೊಡ್ಡವರು ಕೋಪದಲ್ಲಿ ಎಲ್ಲವನ್ನೂ ತಾವೇ ಕೈಗೆತ್ತಿಕೊಂಡರೆ ಅದನ್ನೇ ಇನ್ನೊಮ್ಮೆ ಕಿತ್ತುಕೊಂಡಂತೆ.

ಬರೆದಿಡಿ, ಆಮೇಲೆ ಶಾಲೆಗೆ ಹೋಗಿ

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಘಟನೆಗೂ ದಿನಾಂಕ, ಹೊತ್ತು, ಜಾಗ, ಯಾರು, ಆಡಿದ ಮಾತು ಅದೇ ಪದಗಳಲ್ಲಿ, ಯಾರು ನೋಡಿದರು, ಯಾವ ದೊಡ್ಡವರಿಗೆ ಹೇಳಲಾಯಿತು ಎಂಬುದನ್ನು ಬರೆಯಿರಿ. ಗಾಯವೋ ಹರಿದ ಬಟ್ಟೆಯೋ ಇದ್ದರೆ ಫೋಟೊ ತೆಗೆದಿಡಿ. ನಾಲ್ಕೈದು ಘಟನೆ ಬರೆಯುವಷ್ಟರಲ್ಲಿ ಒಂದು ಜಾಡು ಕಾಣುತ್ತದೆ: ಹೆಚ್ಚಿನವು ಒಂದೇ ಮೆಟ್ಟಿಲ ತಿರುವಿನಲ್ಲೋ ಶಾಲೆ ಬಿಡುವ ಹೊತ್ತಿನಲ್ಲೋ ದೊಡ್ಡವರ ಕಣ್ಣು ತಪ್ಪಿದ ಕಡೆ ನಡೆದಿರುತ್ತವೆ. ಆದರೆ ಹೊಡೆತ, ಬೆದರಿಕೆ, ಮೈ ಮುಟ್ಟುವುದು ಇದ್ದರೆ ಜಾಡಿಗಾಗಿ ಕಾಯದೆ ಅದೇ ದಿನ ಶಾಲೆಗೆ ತಿಳಿಸಬೇಕು.

ಕ್ಲಾಸ್ ಟೀಚರ್ ಬಳಿ ಮೊದಲೇ ಸಮಯ ಕೇಳಿ ಹೋಗಿ. ಗೇಟಿನ ಬಳಿ ನಿಂತು ಆಡಿದ ಮಾತು ಗೇಟಿನಲ್ಲೇ ಉಳಿಯುತ್ತದೆ. ‘ಆ ಹುಡುಗನಿಗೆ ಏನು ಶಿಕ್ಷೆ ಕೊಡುತ್ತೀರಿ?’ ಎಂದು ಹಟ ಹಿಡಿದರೆ ಶಿಕ್ಷಕರು ಸಮರ್ಥನೆಗೆ ಇಳಿಯುತ್ತಾರೆ, ಮಾತುಕತೆ ಅಲ್ಲೇ ಕೆಡುತ್ತದೆ. ಬದಲಿಗೆ ಇವನ್ನು ಕೇಳಿ: ಆ ಜಾಗದಲ್ಲಿ ಆ ಹೊತ್ತಿನಲ್ಲಿ ಯಾರು ಕಣ್ಣಿಡುತ್ತಾರೆ? ತೊಂದರೆಯಾದಾಗ ನನ್ನ ಮಗು ಯಾರ ಬಳಿ ಹೋಗಬೇಕು, ಅವರ ಹೆಸರೇನು? ಮತ್ತೆ ಯಾವತ್ತು ಸೇರಿ ನೋಡೋಣ? ಎರಡು ವಾರದೊಳಗಿನ ಒಂದು ದಿನಾಂಕ ಗೊತ್ತುಮಾಡಿ, ಅದೇ ಸಂಜೆ ಮಾತಾದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಿ. ಏನೂ ಬದಲಾಗದಿದ್ದರೆ ಆ ಬರಹ ಹಿಡಿದು ಮುಖ್ಯೋಪಾಧ್ಯಾಯರ ಬಳಿ ಹೋಗಬಹುದು.

ಜಾಗವೋ ತರಗತಿಯೋ ಬದಲಿಸಬೇಕಾದರೆ ಬದಲಾಗಬೇಕಾದದ್ದು ಕಾಟ ಕೊಡುವವರದು. ನೊಂದ ಮಗುವನ್ನೇ ಎಬ್ಬಿಸಿ ಬೇರೆ ಬೆಂಚಿಗೆ ಕಳಿಸಿದರೆ ಇಡೀ ತರಗತಿ ಅದನ್ನು ಶಿಕ್ಷೆ ಎಂದೇ ಓದುತ್ತದೆ. ಆ ಮಕ್ಕಳ ತಂದೆತಾಯಿಗೆ ನೇರ ಫೋನ್ ಮಾಡುವುದೂ ಹೆಚ್ಚಿನ ಸಲ ತಿರುಗುಬಾಣವಾಗುತ್ತದೆ: ತಮ್ಮ ಮಗುವಿನ ಪರ ನಿಲ್ಲುವುದೇ ಅವರ ಮೊದಲ ಪ್ರತಿಕ್ರಿಯೆ.

ಮಾತಿನ ಅಭ್ಯಾಸ

‘ಲಕ್ಷ್ಯ ಕೊಡಬೇಡ’ ಎಂಬುದು ಅರ್ಧ ಸಲಹೆ. ಮಗು ಸುಮ್ಮನಿದ್ದರೆ, ಅಳುವುದೋ ಸಿಟ್ಟಾಗುವುದೋ ಸಿಗುವವರೆಗೆ ಕಾಟ ಕೊಡುವವರು ಸ್ವಲ್ಪ ದಿನ ಇನ್ನೂ ಹೆಚ್ಚು ಕೆಣಕುತ್ತಾರೆ. ಇದು ಮೊದಲೇ ಗೊತ್ತಿಲ್ಲದ ಮಗು ‘ಇದು ಕೆಲಸ ಮಾಡಲ್ಲ’ ಎಂದು ಬಿಟ್ಟುಬಿಡುತ್ತದೆ. ‘ನೀನೂ ಎರಡು ಕೊಡು’ ಎಂಬುದಂತೂ ಬೇಡ. ಬಲ ಕಡಿಮೆ ಇರುವ ಕಡೆಗೇ ಪೆಟ್ಟು ಹೆಚ್ಚು ಬೀಳುತ್ತದೆ, ಸಿಕ್ಕಿಬೀಳುವುದೂ ಎರಡನೆಯ ಏಟು ಕೊಟ್ಟವರೇ.

ಮಗು ತನ್ನದೇ ಮಾತಿನಲ್ಲಿ ಒಂದು ಚಿಕ್ಕ ವಾಕ್ಯ ಆರಿಸಿಕೊಳ್ಳಲಿ: ‘ಸಾಕು, ನಿಲ್ಲಿಸು.’ ‘ಇದು ನನಗೆ ಇಷ್ಟ ಇಲ್ಲ.’ ಎರಡೂ ಕಾಲು ಊರಿ ನಿಂತು, ಎದುರಿನವರ ಹುಬ್ಬಿನ ಕಡೆ ನೋಡುತ್ತಾ (ಕಣ್ಣು ನೋಡುವುದಕ್ಕಿಂತ ಸುಲಭ), ಮಾಮೂಲಿ ದನಿಯಲ್ಲಿ ಒಮ್ಮೆ ಹೇಳಿ, ದೊಡ್ಡವರಿರುವ ಕಡೆಗೆ ನಡೆಯಬೇಕು. ಮನೆಯಲ್ಲಿ ಇದನ್ನು ನಟಿಸಿ ಅಭ್ಯಾಸ ಮಾಡಿ: ಮೊದಲು ಮಗು ಕಾಟ ಕೊಡುವವನಾಗಲಿ, ನೀವು ಉತ್ತರಿಸಿ ತೋರಿಸಿ, ಆಮೇಲೆ ಪಾತ್ರ ಬದಲಿಸಿ. ದಿನಕ್ಕೆ ಐದು ನಿಮಿಷ, ವಾರದಲ್ಲಿ ಮೂರ್ನಾಲ್ಕು ದಿನ ಸಾಕು. ಚಮತ್ಕಾರದ ತಿರುಗೇಟು ಕಲಿಸಲು ಹೋಗಬೇಡಿ, ಹೆದರಿದ ಬಾಯಿಗೆ ಅದು ಬರುವುದಿಲ್ಲ. ಹೊಡೆತವಾದರೆ ವಾಕ್ಯವೂ ಬೇಡ: ಜೋರಾಗಿ ಕೂಗುವುದು, ಓಡುವುದು.

ಇದರಷ್ಟೇ ಮುಖ್ಯ ಪಕ್ಕದಲ್ಲಿ ನಿಂತು ನೋಡುವ ಮಕ್ಕಳು. ಕೆನಡಾದ ಶಾಲೆಗಳ ಆಟದ ಮೈದಾನಗಳಲ್ಲಿ ಚಿತ್ರೀಕರಿಸಿ ಮಾಡಿದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾರಾದರೂ ಸಹಪಾಠಿ ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಕಾಟ ಹತ್ತು ಸೆಕೆಂಡಿನೊಳಗೆ ನಿಂತಿತ್ತು. ‘ಬಾ, ಆಡೋಕೆ ಹೋಗೋಣ’ ಎಂದು ಕೈ ಹಿಡಿದು ಕರೆದೊಯ್ಯುವ ಒಬ್ಬ ಗೆಳೆಯನನ್ನು ಗೊತ್ತುಮಾಡಿಕೊಡಲು ಟೀಚರ್‌ಗೆ ಕೇಳಿ.

ಕಾಟ ಫೋನಿನಲ್ಲಿದ್ದರೆ ಮೊದಲು ಸ್ಕ್ರೀನ್‌ಶಾಟ್, ಅದರಲ್ಲಿ ಹೆಸರು ಮತ್ತು ದಿನಾಂಕ ಕಾಣಬೇಕು, ಆಮೇಲೆ ಆ್ಯಪ್‌ನಲ್ಲೇ ದೂರು, ಕೊನೆಗೆ ಬ್ಲಾಕ್. ಉತ್ತರ ಬರೆಯಬಾರದು. ಫೋನ್ ಕಿತ್ತುಕೊಂಡರೆ ಮಗು ಮುಂದಿನ ಸಲ ಹೇಳುವುದಿಲ್ಲ, ಅಷ್ಟೇ.

ಕುಂದಿದ ಆತ್ಮವಿಶ್ವಾಸ

ಕಾಟ ನಿಂತ ಮೇಲೂ ಇದು ತಾನಾಗಿ ಮರಳುವುದಿಲ್ಲ. ‘ನನ್ನಲ್ಲೇ ಏನೋ ಕೊರತೆ ಇದೆ’ ಎಂಬುದು ಮಗುವಿನ ತಲೆಯಲ್ಲಿ ಕೂತಿರುತ್ತದೆ. ಅದಕ್ಕೆ ‘ನೀನು ತುಂಬಾ ಜಾಣ’ ಎಂಬ ಹೊಗಳಿಕೆ ನಾಟುವುದಿಲ್ಲ, ಮಗು ಅದನ್ನು ನಂಬುವುದೇ ಇಲ್ಲ. ‘ನಿನ್ನೆ ಬರದಿದ್ದದ್ದು ಇವತ್ತು ನನಗೆ ಬಂತು’ ಎಂಬುದನ್ನು ಅದು ತಾನೇ ಕಾಣಬೇಕು. ಈಜು, ತಬಲಾ, ಚೆಸ್, ಸೈಕಲ್ ರಿಪೇರಿ, ಯಾವುದಾದರೂ ಸರಿ. ಮೂರು ಷರತ್ತು: ಮಗುವೇ ಆರಿಸಿರಬೇಕು, ವಾರದಿಂದ ವಾರಕ್ಕೆ ಮುನ್ನಡೆ ಕಾಣುವಂತಿರಬೇಕು, ಆ ತರಗತಿಯ ಮಕ್ಕಳು ಅಲ್ಲಿರಬಾರದು. ಹೊಗಳುವುದಾದರೆ ಕಂಡದ್ದನ್ನೇ ಹೇಳಿ: ‘ಎರಡು ಸಲ ತಪ್ಪಿದರೂ ಮೂರನೆಯ ಸಲ ಕೂತು ಮಾಡಿದೆ.’

ದಪ್ಪ ಎಂದು ಆಡಿಕೊಂಡರೆಂದು ಮಗುವಿನ ಊಟಕ್ಕೆ ಕೈ ಹಾಕುವುದು, ಉಗ್ಗು ಎಂದು ನಕ್ಕರೆಂದು ‘ನಿಧಾನ ಮಾತಾಡು’ ಎಂದು ತಿದ್ದತೊಡಗುವುದು, ಇವು ಕಾಟ ಕೊಟ್ಟವರ ಮಾತಿಗೆ ಮನೆಯವರೇ ಹಾಕುವ ಸಹಿ. ನೆರವು ನಿಜಕ್ಕೂ ಬೇಕಿದ್ದರೆ ಅದನ್ನು ಬೇರೆ ಹೊತ್ತಿಗೆ, ಬೇರೆ ಕಾರಣಕ್ಕೆ ಇಟ್ಟುಕೊಳ್ಳಿ.

ಹತ್ತು ಗೆಳೆಯರು ಬೇಕಿಲ್ಲ, ಒಬ್ಬರು ಸಾಕು. ಒಂದು ಮಗುವನ್ನು ಮಾತ್ರ ಮನೆಗೆ ಕರೆಯಿರಿ, ಇಬ್ಬರೂ ಮಾಡುವ ಕೆಲಸ ಮೊದಲೇ ಗೊತ್ತಿರಲಿ, ಒಂದು ಒಂದೂವರೆ ಗಂಟೆಗೆ, ಆಟ ಇನ್ನೂ ರಂಗೇರಿರುವಾಗಲೇ ಮುಗಿಸಿ. ಮೂವರಾದರೆ ಒಬ್ಬರು ಹೊರಗುಳಿಯುವ ಸಾಧ್ಯತೆ ಹೆಚ್ಚು. ‘ಇವತ್ತು ಏನಾಯ್ತು?’ ಎಂದು ದಿನವೂ ವಿಚಾರಣೆ ಮಾಡಿದರೆ ಮನೆಯೂ ಕಾಟದ ಸುತ್ತಲೇ ತಿರುಗುತ್ತದೆ. ಅದಕ್ಕೆಂದು ವಾರದಲ್ಲಿ ಎರಡು ಹೊತ್ತು ಇಟ್ಟು, ಉಳಿದ ದಿನ ಬೇರೆ ಮಾತಾಡಿ.

ನಿದ್ದೆ, ಊಟ ಕೆಟ್ಟು ಎರಡು ವಾರ ಕಳೆದರೂ ಸರಿಹೋಗದಿದ್ದರೆ, ಶಾಲೆಗೆ ಹೋಗುವುದೇ ಇಲ್ಲ ಎಂದರೆ ಮಕ್ಕಳ ವೈದ್ಯರನ್ನೋ ಮಕ್ಕಳ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ‘ನಾನಿಲ್ಲದಿದ್ದರೆ ಒಳ್ಳೆಯದು’ ಎಂಬ ಮಾತು ಬಂದರೆ, ಮೈಮೇಲೆ ಕೊಯ್ದುಕೊಂಡ ಗುರುತು ಕಂಡರೆ, ಅದೇ ದಿನ. ‘ಸಾಯಬೇಕು ಅನ್ನಿಸಿದೆಯಾ?’ ಎಂದು ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ವೈದ್ಯರನ್ನು ಕಾಣುವವರೆಗೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಔಷಧಿ, ಹರಿತವಾದ ವಸ್ತು ಕೈಗೆಟುಕದಂತೆ ಇಡಿ.

ಶಾಲೆ ಬದಲಿಸುವುದು ಸೋಲಲ್ಲ, ಆದರೆ ಮೊದಲ ಮದ್ದೂ ಅಲ್ಲ. ಬರೆದು ಕೊಟ್ಟು, ಎರಡು ಮೂರು ಸಲ ಸೇರಿಯೂ ಶಾಲೆ ಕದಲದಿದ್ದರೆ ಬದಲಿಸಿ. ಹೊಸ ಶಾಲೆ ಶುರುವಾಗುವ ಮೊದಲು ಮಗುವನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು ತರಗತಿ, ಶೌಚಾಲಯ, ಊಟದ ಜಾಗ ತೋರಿಸಿ, ಹಿಂದೆ ನಡೆದುದರಲ್ಲಿ ಎಷ್ಟನ್ನು ಹೊಸ ಟೀಚರ್‌ಗೆ ಹೇಳಬೇಕೆಂಬುದನ್ನು ಮಗುವಿನ ಜೊತೆ ಕೂತೇ ತೀರ್ಮಾನಿಸಿ.