ಸೆಬು ನಗರದ ಹಳೆಯ ತಾಣಗಳನ್ನು ನೋಡುವ ಕ್ರಮ: ಹಡಗುಕಟ್ಟೆಯಿಂದ ಒಳಪೇಟೆಗೆ

ಫಿಲಿಪ್ಪೀನ್ಸಿನ ಸೆಬು ನಗರಕ್ಕೆ ಬರುವವರಲ್ಲಿ ಹಲವರು ಮೊದಲ ದಿನವೇ ಬುಸಾಯ್ ಬೆಟ್ಟ ಹತ್ತಿ, ಉಳಿದ ಒಂದೆರಡು ಗಂಟೆಗಳಲ್ಲಿ ಹಳೆಯ ಪೇಟೆಯನ್ನು ಅವಸರದಿಂದ ನೋಡಿ ಮುಗಿಸುತ್ತಾರೆ. ಹೀಗೆ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಊರು ಕಡಲಂಚಿನಿಂದ ಒಳಗೊಳಗೆ ಬೆಳೆದದ್ದು. ಆದ್ದರಿಂದ ಹಡಗುಕಟ್ಟೆಯಿಂದ ಹೊರಟು ಪಾರಿಯಾನ್ ಕೇರಿಯವರೆಗೆ ಕಾಲ್ನಡಿಗೆಯಲ್ಲಿ ಸಾಗಿದರೆ, ಒಂದು ತಾಣವು ಮುಂದಿನ ತಾಣವನ್ನು ತಾನೇ ಅರ್ಥಮಾಡಿಸುತ್ತಾ ಹೋಗುತ್ತದೆ. ಇದಕ್ಕೆ ಒಂದು ದಿನವನ್ನು ಮೀಸಲಿಡಿ ಮತ್ತು ಬಿಸಿಲು ಏರುವ ಮುನ್ನವೇ ಹೊರಡಿ.

ಬೊಹೋಲ್ ದ್ವೀಪದಿಂದ ವೇಗದ ದೋಣಿಗಳು ಬಂದು ನಿಲ್ಲುವ ಒಂದನೇ ಕಟ್ಟೆಯ ಸಮೀಪದಲ್ಲೇ ಸ್ಯಾನ್ ಪೆದ್ರೊ ಕೋಟೆಯಿದೆ. 1565ರಲ್ಲಿ ಬಂದಿಳಿದ ಸ್ಪೇನಿನ ದಂಡನಾಯಕ ಲೆಗಾಸ್ಪಿ ಇಲ್ಲಿ ಮೊದಲು ಮರದ ಕೋಟೆ ಕಟ್ಟಿಸಿದನು. ಇಂದು ಕಾಣುವ ಕಲ್ಲಿನ ರೂಪ 18ನೆಯ ಶತಮಾನದ್ದು. ಕೋಟೆ ತ್ರಿಕೋನಾಕಾರವಾಗಿದ್ದು, ಎರಡು ಬದಿಗಳು ಕಡಲಿಗೆ ಮುಖಮಾಡಿದ್ದವು, ಮೂರನೆಯದು ನೆಲಕ್ಕೆ. ಈಗ ಕಡಲನ್ನು ತುಂಬಿ ನೆಲ ಮಾಡಿರುವುದರಿಂದ ನೀರು ದೂರ ಸರಿದಿದೆ. ಹೀಗಾಗಿ ಮೂಲೆಯ ಕೊತ್ತಲದ ಮೇಲೆ ನಿಂತು ಹಿಂದಿನ ತೀರ ಎಲ್ಲಿತ್ತೆಂಬುದನ್ನು ಮನಸ್ಸಿನಲ್ಲೇ ಗುರುತಿಸಿಕೊಳ್ಳಬೇಕು. ಇಳಿಯುವಾಗ ಗೋಡೆಯನ್ನು ಹತ್ತಿರದಿಂದ ನೋಡುವುದನ್ನು ಮರೆಯಬೇಡಿ. ಅದು ಹವಳದ ಕಲ್ಲು. ಬೆರಳಾಡಿಸಿದರೆ ಸಣ್ಣ ಸಣ್ಣ ರಂಧ್ರಗಳು ತಾಗುತ್ತವೆ, ಕೆಲವು ಕಲ್ಲುಗಳಲ್ಲಿ ಹವಳದ ಎಳೆಗಳ ವಿನ್ಯಾಸವೂ ಉಳಿದಿದೆ. ಹಳೆಯ ಸೆಬುವಿನ ಚರ್ಚುಗಳೂ ಮನೆಗಳೂ ಇದೇ ಕಲ್ಲಿನಲ್ಲಿ ಎದ್ದವು ಎಂಬುದನ್ನು ಇಲ್ಲಿಯೇ ತಿಳಿದುಕೊಂಡರೆ ಮುಂದಿನದ್ದನ್ನು ನೋಡುವ ಕಣ್ಣು ಸಿದ್ಧವಾಗುತ್ತದೆ.

ಕೋಟೆಯೆದುರಿನ ಪ್ಲಾಜಾ ಇಂಡಿಪೆಂಡೆನ್ಸಿಯಾ ಉದ್ಯಾನದ ಮರಗಳಡಿ ಸ್ವಲ್ಪ ಕುಳಿತು, ಬಳಿಕ ಪಕ್ಕದ ಹಳೆಯ ಸುಂಕದ ಕಟ್ಟಡಕ್ಕೆ ಹೋಗಿ. ಅಮೆರಿಕನ್ನರ ಆಳ್ವಿಕೆಯ ಕಾಲದಲ್ಲಿ ಕಟ್ಟಿದ ಈ ಕಟ್ಟಡದಲ್ಲಿ 2023ರಿಂದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ, ಪ್ರವೇಶ ಉಚಿತ. ಸೋಮವಾರ ಮುಚ್ಚುವ ಸಂಗ್ರಹಾಲಯಗಳು ಇಲ್ಲಿ ಸಾಮಾನ್ಯವಾದ್ದರಿಂದ ಈ ನಡಿಗೆಗೆ ಬೇರೆ ದಿನವನ್ನು ಆರಿಸಿಕೊಳ್ಳುವುದು ಒಳಿತು.

ಅಲ್ಲಿಂದ ಕೆಲವು ನಿಮಿಷಗಳ ದೂರದಲ್ಲಿ, ನಗರಸಭೆಯ ಕಚೇರಿಯ ಬಳಿ, ಮೆಗಲ್ಲನ್ ಶಿಲುಬೆಯ ಮಂಟಪ ಸಿಗುತ್ತದೆ. ಸ್ಪೇನಿನ ಪರವಾಗಿ ಕಡಲಯಾನ ಮಾಡಿ ಬಂದ ನಾವಿಕ ಮೆಗಲ್ಲನ್ 1521ರ ಏಪ್ರಿಲ್‌ನಲ್ಲಿ ನೆಡಿಸಿದ ಶಿಲುಬೆ ಇಲ್ಲಿ ಕಾಣುವ ಮರದ ಕವಚದೊಳಗಿದೆ ಎಂದು ಅಲ್ಲಿನ ಫಲಕ ಹೇಳುತ್ತದೆ. ಪವಾಡಶಕ್ತಿಯುಂಟೆಂದು ನಂಬಿ ಜನರು ಚೂರು ಚೂರಾಗಿ ಕೆತ್ತಿಕೊಂಡು ಹೋಗುತ್ತಿದ್ದುದರಿಂದ ಆ ಕವಚವನ್ನು ತೊಡಿಸಲಾಯಿತಂತೆ. ಬಂದವರೆಲ್ಲ ಶಿಲುಬೆಯ ಚಿತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ತಲೆಯೆತ್ತಿ ಚಾವಣಿಯನ್ನು ನೋಡಿ. ಆಗಿನ ಸೆಬುವಿನ ರಾಜ ಹುಮಾಬೊನ್ ಮತ್ತು ಅವನ ರಾಣಿ ತಮ್ಮ ಪರಿವಾರದೊಡನೆ ಕ್ರೈಸ್ತ ದೀಕ್ಷೆ ಪಡೆದ ಸಂದರ್ಭವನ್ನು ಅಲ್ಲಿ ಚಿತ್ರಿಸಿದ್ದಾರೆ.

ಪಕ್ಕದಲ್ಲೇ ಇರುವ ಸಾಂತೊ ನಿನ್ಯೊ (ಬಾಲಯೇಸು) ಬೆಸಿಲಿಕಾ ಎಂಬ ಚರ್ಚು ಈ ಊರಿನ ಹೃದಯ, ಇಲ್ಲಿ ಸಮಯದ ಲೆಕ್ಕ ಇಡಬೇಡಿ. ದೀಕ್ಷೆಯ ವೇಳೆ ರಾಣಿಗೆ ಉಡುಗೊರೆಯಾಗಿ ಸಿಕ್ಕಿದ ಬಾಲಯೇಸುವಿನ ಪುಟ್ಟ ಮೂರ್ತಿ, 44 ವರ್ಷಗಳ ನಂತರ, 1565ರಲ್ಲಿ, ಸುಟ್ಟುಹೋದ ಊರಿನ ಒಂದು ಮನೆಯಲ್ಲಿ ಲೆಗಾಸ್ಪಿಯ ಸೈನಿಕನೊಬ್ಬನಿಗೆ ಸಿಕ್ಕಿತು. ಅದರ ಸುತ್ತಲೇ ಈ ದೇವಾಲಯ ಬೆಳೆಯಿತು. ಈಗಿನ ಕಟ್ಟಡ 1730ರ ದಶಕದ್ದು. 2013ರ ಅಕ್ಟೋಬರ್‌ನ ಭೂಕಂಪದಲ್ಲಿ ಕುಸಿದ ಗಂಟೆಗೋಪುರವನ್ನು ಮತ್ತೆ ಕಟ್ಟಲಾಗಿದೆ. ಗಾಜಿನ ಹಿಂದಿರುವ ಮೂರ್ತಿಯ ದರ್ಶನಕ್ಕೆ ಸಾಲು ನಿಲ್ಲಬೇಕು, ಶುಕ್ರವಾರ ಮತ್ತು ಭಾನುವಾರ ಆ ಸಾಲು ಬಹಳ ಉದ್ದವಿರುತ್ತದೆ. ಭುಜವೂ ಮೊಣಕಾಲೂ ಮುಚ್ಚುವ ಉಡುಪು ಧರಿಸಿರಿ. ಮೇಣದಬತ್ತಿ ಮಾರುವ ಮಹಿಳೆಯರನ್ನು ಕಾಣದೆ ಹೊರಡಬೇಡಿ. ನೀವು ಯಾರಿಗಾಗಿ ಪ್ರಾರ್ಥಿಸಬೇಕೆಂದು ಹೇಳುತ್ತೀರೋ ಅವರ ಹೆಸರನ್ನು ಉಚ್ಚರಿಸುತ್ತಾ, ಮೇಣದಬತ್ತಿಗಳನ್ನು ಎತ್ತಿ ಹಿಡಿದು, ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತಾ ಅವರು ಕುಣಿಯುತ್ತಾರೆ. ಜನವರಿಯ ಮೂರನೆಯ ಭಾನುವಾರ ನಡೆಯುವ ಸಿನುಲೋಗ್ ಉತ್ಸವದಲ್ಲಿ ಬೀದಿ ಬೀದಿಯಲ್ಲಿ ಕಾಣುವ ಕುಣಿತದ ಮೂಲ ಹೆಜ್ಜೆ ಇದೇ. ಅದು ಪ್ರಾರ್ಥನೆ, ಪ್ರದರ್ಶನವಲ್ಲ, ಆದ್ದರಿಂದ ಕೇಳದೆ ಕ್ಯಾಮೆರಾ ಹಿಡಿಯುವುದು ಸಲ್ಲದು. ಉತ್ಸವದ ದಿನವಂತೂ ರಸ್ತೆಗಳನ್ನು ಮುಚ್ಚಿರುತ್ತಾರೆ, ಕಟ್ಟಡಗಳನ್ನು ನೋಡಬಯಸುವವರಿಗೆ ಅದು ತಕ್ಕ ದಿನವಲ್ಲ.

ಮುಂದೆ ಕ್ಯಾಥೆಡ್ರಲನ್ನು ದಾಟಿ ಪಾರಿಯಾನ್‌ಗೆ ಬನ್ನಿ. ಇದು ಹಿಂದೆ ಚೀನೀ ವರ್ತಕರ ಕೇರಿಯಾಗಿತ್ತು. ಸೆಬುವಿನ ಚರಿತ್ರೆಯನ್ನು ಒಟ್ಟಾಗಿ ಕಡೆದಿಟ್ಟ ದೊಡ್ಡ ಸ್ಮಾರಕದ ಎದುರಿನಲ್ಲೇ ಯಾಪ್-ಸಾಂದಿಯೇಗೊ ಮನೆಯಿದೆ. ಕೆಳಗೆ ಹವಳದ ಕಲ್ಲು, ಮೇಲೆ ಮರ, ತಲೆಯ ಮೇಲೆ ಹೆಂಚು. ಕೋಟೆಯಲ್ಲಿ ಮುಟ್ಟಿದ ಕಲ್ಲು ಇಲ್ಲಿ ಬಾಳಿ ಬದುಕಿದ ಮನೆಯ ಗೋಡೆಯಾಗಿರುವುದನ್ನು ಕಾಣಬಹುದು. ಸಮೀಪದ ಕಾಸಾ ಗೊರೊರ್ಡೊ, ಸೆಬುವಿನ ಮೊದಲ ಫಿಲಿಪ್ಪೀನೊ ಬಿಷಪ್ ಹುವಾನ್ ಗೊರೊರ್ಡೊ ಅವರ ಕುಟುಂಬದ ಮನೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1730ರ ಜೆಸ್ವಿಟ್ ಪಾದ್ರಿಗಳ ಮನೆ. ಅದು ಹಾರ್ಡ್‌ವೇರ್ ಗೋದಾಮೊಂದರ ಒಳಗಿದ್ದು, ಹೊರಗಿನಿಂದ ನೋಡಿದರೆ ಸುಳಿವೇ ಸಿಗುವುದಿಲ್ಲ. ಸಂಕೋಚಪಡದೆ ಒಳಗೆ ಹೋಗಿ ಕೇಳಿ, ಟಿಕೆಟ್ ಕೊಟ್ಟು ತೋರಿಸುತ್ತಾರೆ.

ಪಾರಿಯಾನ್‌ನಿಂದಲೇ ಶುರುವಾಗುವ ಕೊಲೊನ್ ಬೀದಿ ದೇಶದ ಅತಿ ಹಳೆಯ ಬೀದಿಯೆಂದು ಹೆಸರಾದದ್ದು, ಆದರೆ ಈಗ ಅಂಗಡಿಗಳ ದಟ್ಟಣೆಯೇ ಹೆಚ್ಚು. ಚೀಲವನ್ನು ಎದೆಯ ಮುಂದೆ ಹಿಡಿದು ನಡೆಯಿರಿ. ಸಸ್ಯಾಹಾರಿಗಳಿಗೆ ಇಲ್ಲಿ ಊಟ ಸುಲಭವಲ್ಲ. ತೆಂಗಿನ ಗರಿಯಲ್ಲಿ ಹೆಣೆದು ಬೇಯಿಸಿದ ಪುಸೊ ಅನ್ನ ಮತ್ತು ಬಾಳೆಹಣ್ಣು ಎಲ್ಲೆಡೆ ಸಿಗುತ್ತವೆ. ಹಿಂತಿರುಗಲು ಜೀಪ್ನಿ (ಜೀಪಿನಂಥ ಸಾರ್ವಜನಿಕ ವಾಹನ) ಹತ್ತುವಾಗ ಅದರ ಮೇಲೆ ಬರೆದ, ಮಾರ್ಗ ಸೂಚಿಸುವ ಸಂಖ್ಯೆ-ಅಕ್ಷರವನ್ನು ಚಾಲಕರಿಗೆ ಹೇಳಿ ಖಚಿತಪಡಿಸಿಕೊಳ್ಳಿ. ಇಳಿಯುವಾಗ ‘ಲುಗಾರ್ ಲಾಂಗ್’ ಎಂದರೆ ನಿಲ್ಲಿಸುತ್ತಾರೆ. ಸಂಜೆ ಸಮಯವಿದ್ದರೆ ಲಾಹುಗ್ ಬಡಾವಣೆಯಲ್ಲಿರುವ, ಚೀನೀ ತಾವೊ ಧರ್ಮದವರ ಮಂದಿರಕ್ಕೆ ಹೋಗಬಹುದು.

ಪಕ್ಕದ ಮಾಕ್ತಾನ್ ದ್ವೀಪದಲ್ಲಿರುವ, ಅಲ್ಲಿನ ನಾಯಕ ಲಾಪು-ಲಾಪುವಿನ ಸ್ಮಾರಕವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ, ಘಟನೆಗಳು ನಡೆದ ಕ್ರಮವೂ ಅದೇ. ಹುಮಾಬೊನನ ದೀಕ್ಷೆ ನಡೆದದ್ದು 1521ರ ಏಪ್ರಿಲ್ 14ರಂದು, ಲಾಪು-ಲಾಪುವಿನ ಯೋಧರ ಕೈಯಲ್ಲಿ ಮೆಗಲ್ಲನ್ ಹತನಾದದ್ದು ಏಪ್ರಿಲ್ 27ರಂದು. ಒಂದೇ ಆವರಣದಲ್ಲಿ 1866ರಲ್ಲಿ ಸ್ಪೇನಿನವರು ಮೆಗಲ್ಲನ್ನನ ನೆನಪಿಗೆ ನಿಲ್ಲಿಸಿದ ಸ್ತಂಭವೂ, ಖಡ್ಗ ಹಿಡಿದು ನಿಂತ ಲಾಪು-ಲಾಪುವಿನ ಕಂಚಿನ ಪ್ರತಿಮೆಯೂ ಇವೆ. ಮೊದಲು ಸ್ತಂಭವನ್ನು ನೋಡಿ, ಆಮೇಲೆ ಪ್ರತಿಮೆಯ ಕಡೆಗೆ ನಡೆಯಿರಿ. ವಿಮಾನ ನಿಲ್ದಾಣವೂ ಮಾಕ್ತಾನ್‌ನಲ್ಲೇ ಇರುವುದರಿಂದ ಊರು ಬಿಡುವ ದಿನವೇ ಇದಕ್ಕೆ ಅನುಕೂಲ. ಸೇತುವೆಗಳ ಮೇಲೆ ವಾಹನಗಳು ಗಂಟೆಗಟ್ಟಲೆ ನಿಲ್ಲುವುದುಂಟು, ಹಾಗಾಗಿ ಬೆಳಿಗ್ಗೆ ಬೇಗನೆ ಹೊರಟು ಸಾಮಾನುಗಳೊಡನೆ ದ್ವೀಪ ಸೇರಿಕೊಳ್ಳಿ.