ಎಣ್ಣೆಗೊಂದು ಬಾಕ್ಸ್, ಮಂಡಕ್ಕಿಗೊಂದು ಬಾಕ್ಸ್

ಚಳ್ಳಕೆರೆಯಲ್ಲಿ ನಮ್ಮದೊಂದು ಚಿಕ್ಕ ಮರದ ಗಾಣ ಇದೆ. ಶೇಂಗಾ ಎಣ್ಣೆ ಜಾಸ್ತಿ, ಕುಸುಬೆ ಎಣ್ಣೆ ಸ್ವಲ್ಪ. ಊರಿನ ಗಿರಾಕಿಗಳು ಕ್ಯಾನ್ ಹಿಡಿದುಕೊಂಡೇ ಬರುತ್ತಾರೆ, ಅವರಿಗೆ ಬಾಕ್ಸಿನ ಗೊಡವೆ ಇಲ್ಲ. ಬೆಂಗಳೂರು, ಮಂಗಳೂರಿಗೆ ಪಾರ್ಸೆಲ್ ಶುರುವಾದ ಮೇಲೆ ರಟ್ಟಿನ ಬಾಕ್ಸ್ ಕೂಡ ಎಣ್ಣೆಯಷ್ಟೇ ತಲೆ ತಿನ್ನತೊಡಗಿತು. ಅತ್ತ ದಾವಣಗೆರೆಯಲ್ಲಿ ನಮ್ಮ ಷಡ್ಡಕರು ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ ಪ್ಯಾಕೆಟ್ ಮಾಡಿ ಹೊರಗೆ ಕಳಿಸುತ್ತಾರೆ. ಇಬ್ಬರೂ ಸೇರಿ ಒಂದೇ ಕಡೆ ಬಾಕ್ಸ್ ಮಾಡಿಸಿದರೆ ರೇಟು ಇಳಿಯುತ್ತೆ ಅಂತ ಲೆಕ್ಕ ಹಾಕಿದೆವು. ಇವತ್ತಿಗೂ ಒಬ್ಬರ ಹತ್ತಿರವೇ ಮಾಡಿಸುತ್ತೇವೆ. ಬಾಕ್ಸ್ ಮಾತ್ರ ಬೇರೆ ಬೇರೆ.

ಬಾಕ್ಸ್ ಮಾಡುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಎಷ್ಟು ಪ್ಲೈ ಹಾಕ್ಲಿ ಸಾರ್?" ಮೂರು ಪ್ಲೈ ಅಂದರೆ ಎರಡು ಸಪಾಟು ಕಾಗದ, ನಡುವೆ ಒಂದು ಸುಕ್ಕಿನ ಕಾಗದ. ಐದು ಪ್ಲೈಯಲ್ಲಿ ಮೂರು ಸಪಾಟು, ಎರಡು ಸುಕ್ಕು. ಏಳಕ್ಕೆ ನಾಲ್ಕು ಮತ್ತು ಮೂರು. ಪ್ಲೈ ಹೆಚ್ಚಿದರೆ ಗಟ್ಟಿ ಅನ್ನುವುದು ಅರ್ಧ ಮಾತು. ಕಳಪೆ ಕಾಗದದ ಐದು ಪ್ಲೈಗಿಂತ ಒಳ್ಳೆ ಕಾಗದದ ಮೂರು ಪ್ಲೈ ಎಷ್ಟೋ ವಾಸಿ. ಅದಕ್ಕೇ ನಾನು ಪ್ಲೈ ಹೇಳುವ ಮೊದಲು ಕಾಗದದ ಮಾತು ತೆಗೆಯುತ್ತೇನೆ.

ಕಾಗದಕ್ಕೆ ಎರಡು ಅಂಕಿ ಇರುತ್ತವೆ. ಒಂದು ಜಿಎಸ್ಎಂ, ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಇನ್ನೊಂದು ಬಿಎಫ್, ಅಂದರೆ ಬರ್ಸ್ಟ್ ಫ್ಯಾಕ್ಟರ್. ಎರಡನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಆ ಕಾಗದ ಚದರ ಸೆಂಟಿಮೀಟರಿಗೆ ಎಷ್ಟು ಕಿಲೋ ಒತ್ತಡಕ್ಕೆ ಒಡೆಯುತ್ತದೆ ಅಂತ ಸಿಗುತ್ತದೆ. 150 ಜಿಎಸ್ಎಂ, 18 ಬಿಎಫ್ ಕಾಗದ ಆದರೆ 2.7. ಐದೂ ಪ್ಲೈ ಇದೇ ಕಾಗದ ಹಾಕಿದರೆ ಸಪಾಟು ಮೂರಕ್ಕೆ 8.1, ಸುಕ್ಕಿನ ಎರಡಕ್ಕೆ ಅರ್ಧ ಮಾತ್ರ ಹಿಡಿಯುವ ರೂಢಿ ಇರುವುದರಿಂದ 2.7, ಒಟ್ಟು 10.8. ಕೊಟೇಶನ್ ಕೈಗೆ ಬಂದಾಗ ಮೊಬೈಲಿನಲ್ಲೇ ಈ ಲೆಕ್ಕ ಮಾಡಿಬಿಡಬಹುದು. ಬಣ್ಣ ನೋಡಿ ಮರುಳಾಗಬೇಡಿ. ಬಂಗಾರದ ಬಣ್ಣದ ಕ್ರಾಫ್ಟ್ ಕಾಗದ ನೋಡೋಕೆ ಜೋರಾಗಿರುತ್ತದೆ, ಆದರೆ ಬಣ್ಣ ಹಾಕುವುದರಿಂದ ಕಾಗದಕ್ಕೆ ಶಕ್ತಿ ಬರೋದಿಲ್ಲ.

ಹೇಳಿದ್ದೇ ಕಾಗದ ಹಾಕಿದ್ದಾರಾ ಅಂತ ನೋಡಲು ಲ್ಯಾಬ್ ಏನೂ ಬೇಡ. ಸ್ಯಾಂಪಲ್ ಬಾಕ್ಸಿನಿಂದ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಒಂದು ತುಂಡು ಕತ್ತರಿಸಿ, ಬಂಗಾರ ತೂಗುವಂಥ ಸಣ್ಣ ತಕ್ಕಡಿಯಲ್ಲಿ ಇಡಿ. ಬಂದ ಗ್ರಾಮನ್ನು 100ರಿಂದ ಗುಣಿಸಿದರೆ ಇಡೀ ರಟ್ಟಿನ ಜಿಎಸ್ಎಂ. ಮೇಲೆ ಹೇಳಿದ ಐದು ಪ್ಲೈ ಆದರೆ ಅಂಟೂ ಸೇರಿ 9 ಗ್ರಾಂ ಆಸುಪಾಸು ಬರಬೇಕು. ಆಮೇಲೆ ಅದೇ ತುಂಡನ್ನು ರಾತ್ರಿ ನೀರಲ್ಲಿ ಬಿಡುತ್ತೇನೆ. ಬೆಳಿಗ್ಗೆ ಗಂಜಿ ಅಂಟು ಕರಗಿ ಐದೂ ಪದರ ಬಿಡಿಬಿಡಿಯಾಗಿ ಬರುತ್ತವೆ. ಒಣಗಿಸಿ ಒಂದೊಂದನ್ನೇ ತೂಗಬೇಕು. ಸುಕ್ಕಿನ ಪದರವನ್ನು ಕೈಯಿಂದ ನೀವಿ ನೆಟ್ಟಗೆ ಮಾಡಿದರೆ 10 ಸೆಂಟಿಮೀಟರ್ ಇದ್ದದ್ದು 14ರ ಹತ್ತಿರ ಹೋಗುತ್ತದೆ. ಅದರ ತೂಕವನ್ನು ಈ ಉದ್ದಕ್ಕೇ ಲೆಕ್ಕ ಹಾಕಬೇಕು. ಮೇಲಿನ ಪದರಕ್ಕೆ ಒಳ್ಳೆ ಕಾಗದ, ಒಳಗಿನ ಪದರಗಳಿಗೆ ತೆಳು ಕಾಗದ ಹಾಕಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ನಾನು ತೂಗಿ ನೋಡುತ್ತೇನೆ ಅಂತ ಗೊತ್ತಾದ ಮೇಲೆ ನಮ್ಮ ಬಾಕ್ಸಿನವರು ಸ್ಯಾಂಪಲ್ ಜೊತೆಗೆ ಪದರದ ವಿವರವನ್ನೂ ತಾವೇ ಬರೆದು ಕಳಿಸುತ್ತಾರೆ.

ಇನ್ನು ಸರಕಿನ ವಿಷಯ. ಒಂದು ಲೀಟರ್ ಶೇಂಗಾ ಎಣ್ಣೆ ಹತ್ತಿರಹತ್ತಿರ 910 ಗ್ರಾಂ ತೂಗುತ್ತದೆ. ಹನ್ನೆರಡು ಬಾಟಲಿ, ಬಾಕ್ಸ್, ಬಾಟಲಿಗಳ ನಡುವೆ ಇಡುವ ರಟ್ಟಿನ ಪಾರ್ಟಿಷನ್ ಎಲ್ಲ ಸೇರಿ 12 ಕಿಲೋ. ಅಷ್ಟು ತೂಕ ಅಷ್ಟು ಚಿಕ್ಕ ಜಾಗದಲ್ಲಿ ಕೂತಿರುತ್ತದೆ. ಬಾಕ್ಸ್ ಬಿದ್ದಾಗ ಬಾಟಲಿಗಳು ಒಳಗಿನಿಂದ ಗುದ್ದುತ್ತವೆ. ತಳ ಬಿಚ್ಚುತ್ತದೆ, ಮೂಲೆ ಸೀಳುತ್ತದೆ. ಇಲ್ಲಿ ಬೇಕಾದದ್ದು ಒಡೆಯದ ಕಾಗದ, ಅಂದರೆ ಬಿಎಫ್. ಮಂಡಕ್ಕಿ ಒಳಗಿನಿಂದ ಏನೂ ಮಾಡುವುದಿಲ್ಲ. ಆದರೆ ಮೇಲಿನಿಂದ ಭಾರ ಬಿದ್ದರೆ ತಾನೂ ತಡೆಯುವುದಿಲ್ಲ. ಎಣ್ಣೆ ಬಾಟಲಿ ಸ್ವಲ್ಪವಾದರೂ ಹೆಗಲು ಕೊಡುತ್ತದೆ. ಮಂಡಕ್ಕಿ ಪ್ಯಾಕೆಟ್ ಸುಮ್ನೆ ಪುಡಿಯಾಗುತ್ತದೆ. ಹಾಗಾಗಿ ಅಲ್ಲಿ ಗೋಡೆ ನಿಲ್ಲಬೇಕು. ಗೋಡೆ ನಿಲ್ಲುವುದು ರಟ್ಟಿನ ಅಂಚಿನ ಬಲ ಮತ್ತು ದಪ್ಪದಿಂದ. ಈ ಎರಡು ಗುಣ ಒಂದೇ ಅಂದುಕೊಂಡರೆ ಒಂದು ಕಡೆ ದುಡ್ಡು ದಂಡ, ಇನ್ನೊಂದು ಕಡೆ ಸರಕು ದಂಡ.

ಎಣ್ಣೆ ಬಾಕ್ಸಿನ ತಳವನ್ನು ಒಮ್ಮೆ ಮಡಚಿ ಒಳಗಿನಿಂದ ನೋಡಿ. ನಮ್ಮದು 35 ಸೆಂಟಿಮೀಟರ್ ಉದ್ದ, 26.5 ಅಗಲ. ಹೊರಗಿನ ಎರಡು ರೆಕ್ಕೆ ನಡುವಿನಲ್ಲಿ ಸರಿಯಾಗಿ ಸೇರುತ್ತವೆ. ಒಳಗಿನವು ಸೇರುವುದಿಲ್ಲ, ನಡುವೆ 8.5 ಸೆಂಟಿಮೀಟರ್ ಜಾಗ ಬಿಡುತ್ತವೆ. ಅಲ್ಲಿ ಇರುವುದು ಒಂದೇ ಪದರ ರಟ್ಟು, ಅದರ ನಡುವೆಯೇ ಟೇಪಿನ ಜೋಡಣೆ, ಮೇಲೆ ನಡುವಿನ ಬಾಟಲಿಗಳು! ತಳ ಸಾಮಾನ್ಯವಾಗಿ ಬಿಚ್ಚುವುದು ಇಲ್ಲೇ. ನಾನು ತಳಕ್ಕೆ ಮೂರು ಪ್ಲೈಯ ಒಂದು ಪ್ಯಾಡ್ ಹಾಕಿಸುತ್ತೇನೆ. ತೂಕ ಇನ್ನೂ ಜಾಸ್ತಿ ಇದ್ದರೆ ಹೊರಗಿನ ರೆಕ್ಕೆ ಒಂದರ ಮೇಲೊಂದು ಪೂರ್ತಿ ಬರುವ ಬಾಕ್ಸೇ ಸರಿ. ಐದು ಲೀಟರಿನ ನಾಲ್ಕು ಕ್ಯಾನಿಗೆ ನಾವು ಅದನ್ನೇ ಬಳಸುತ್ತೇವೆ. ಟೇಪನ್ನು ನಡುವಿನ ಗೆರೆಗೆ ಮಾತ್ರ ಹೊಡೆದರೆ ಸಾಲದು. ಎರಡೂ ತುದಿಯ ಅಂಚಿಗೆ ಅಡ್ಡಲಾಗಿಯೂ ಹೊಡೆಯಬೇಕು.

ಹೆಚ್ಚು ಭಾರದ ಬಾಕ್ಸಿಗೆ ಕೈ ಹಾಕುವ ತೂತು ಬೇಕು ಅಂತ ಕೆಲವರು ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ತೂತು ಕೊರೆದ ಗೋಡೆ ಅಲ್ಲಿಂದಲೇ ಬಾಗಲು ಶುರು ಮಾಡುತ್ತದೆ. ಹಮಾಲರು ಆ ತೂತಿಗೆ ಕೈ ಹಾಕಿದ್ದನ್ನಂತೂ ನಾನು ನೋಡಿಲ್ಲ. ಅವರು ಬಾಕ್ಸನ್ನು ತಬ್ಬಿ ಎತ್ತುತ್ತಾರೆ ಇಲ್ಲವೇ ಪಟ್ಟಿ ಹಿಡಿದು ಎಳೆಯುತ್ತಾರೆ. ಇನ್ನೊಂದು ಗಮನಿಸಿದ್ದೇನೆ. 12 ಕಿಲೋ ಬಾಕ್ಸನ್ನು ಎಸೆಯಬಹುದು, ಎಸೆಯುತ್ತಾರೆ ಕೂಡ. 20 ಕಿಲೋ ದಾಟಿದ್ದನ್ನು ಇಳಿಸುತ್ತಾರೆ. ಹಾಗಾಗಿ ಹಗುರ ಬಾಕ್ಸಿಗೇ ಬೀಳುವ ಕಾಟ ಜಾಸ್ತಿ. ಇದಕ್ಕೆ ನನ್ನ ಪರೀಕ್ಷೆ ಸರಳ. ಬಾಟಲಿಗಳಿಗೆ ನೀರು ತುಂಬಿ, ಪ್ಯಾಕ್ ಮಾಡಿ, ಎರಡಡಿ ಎತ್ತರದಿಂದ ಸಿಮೆಂಟ್ ನೆಲಕ್ಕೆ ಬಿಡುವುದು. ಮೊದಲು ಒಂದು ಮೂಲೆ, ಆಮೇಲೆ ಆ ಮೂಲೆಗೆ ಸೇರುವ ಮೂರು ಅಂಚು, ಕೊನೆಗೆ ಆರೂ ಮುಖ. ಸಾಗಣೆ ಪ್ಯಾಕಿಂಗಿನ ಪರೀಕ್ಷೆಗೆ ನಿಯಮ ಮಾಡುವ ಇಸ್ಟಾ (ISTA) ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದಲ್ಲಿ ಈ ತೂಕಕ್ಕೆ ಇದೇ ಕ್ರಮ, ಇದೇ ಎತ್ತರ ಇದೆ. ನೀರು ಎಣ್ಣೆಗಿಂತ ಸ್ವಲ್ಪ ಭಾರ, ಇಲ್ಲಿ ತಡೆದದ್ದು ಎಣ್ಣೆಗೂ ತಡೆಯುತ್ತದೆ. ಸೋರಿದರೆ ನೆಲ ಒರೆಸಿದರಾಯಿತು.

ಗೋದಾಮಿನಲ್ಲಿ ಆರು ಬಾಕ್ಸ್ ಒಂದರ ಮೇಲೊಂದು ಇಟ್ಟರೆ ತಳದ್ದರ ಮೇಲೆ 60 ಕಿಲೋ. ಬಾಕ್ಸನ್ನು ಮೇಲಿನಿಂದ ಒತ್ತಿ ಪರೀಕ್ಷಿಸುವ ಯಂತ್ರದಲ್ಲಿ 60 ಕಿಲೋ ತಡೆದರೆ ಸಾಕಾ? ಸಾಲದು. ಐದು ಪಟ್ಟು, ಅಂದರೆ 300 ಕಿಲೋ ತಡೆಯುವಂಥದ್ದನ್ನು ಕೇಳುತ್ತೇನೆ. ವಾರಗಟ್ಟಲೆ ಭಾರ ಹೊತ್ತ ರಟ್ಟು ದಣಿಯುತ್ತದೆ. ಮೂಲೆಗೆ ಮೂಲೆ ಕೂರದಿದ್ದರೆ ಇನ್ನೂ ಕಡಿಮೆ, ಯಾಕೆಂದರೆ ಭಾರದ ಹೆಚ್ಚಿನ ಪಾಲು ಹೊರುವುದು ನಾಲ್ಕು ಮೂಲೆಗಳೇ. ಇಟ್ಟಿಗೆ ಕಟ್ಟಿದ ಹಾಗೆ ಅಡ್ಡಡ್ಡ ಜೋಡಿಸಿದರೆ ನೋಡೋಕೆ ಭದ್ರ ಅನಿಸುತ್ತದೆ. ಆದರೆ ಆಗ ಮೇಲಿನ ಮೂಲೆ ಕೆಳಗಿನ ಗೋಡೆಯ ನಡುವೆ ಕೂತು ಬಲ ಅರ್ಧಕ್ಕರ್ಧ ಹೋಗಬಹುದು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಹವಾ. ನಮ್ಮ ಚಳ್ಳಕೆರೆ ಒಣ ಸೀಮೆ. ಇಲ್ಲಿ ರಟ್ಟು ಹಪ್ಪಳದಂತೆ ಗರಿಗರಿ. ಅದೇ ಬಾಕ್ಸ್ ಮಳೆಗಾಲದಲ್ಲಿ ಘಟ್ಟ ಇಳಿದು ಮಂಗಳೂರಿನ ಗೋದಾಮಿನಲ್ಲಿ ಕೂತರೆ ತೇವ ಕುಡಿಯುತ್ತದೆ. ಗಾಳಿಯ ತೇವ ಶೇ. 90ರ ಹತ್ತಿರ ಹೋದಾಗ ಬಾಕ್ಸಿನ ತಡೆಯುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಗೆ ಹೋಗುವ ಬಾಕ್ಸಿಗೆ ಹೊರಗಿನ ಕಾಗದ 180 ಜಿಎಸ್ಎಂ, 22 ಬಿಎಫ್ ಹಾಕಿಸುತ್ತೇನೆ. ಪಾರ್ಟಿಷನ್ನಿನ ಎತ್ತರವನ್ನು ಬಾಕ್ಸಿನ ಒಳ ಎತ್ತರಕ್ಕೆ ಸರಿಯಾಗಿ ಇಡಿಸುತ್ತೇನೆ, ಅದೂ ಭಾರ ಹೊರಲಿ ಅಂತ. ಬಾಕ್ಸಿನವರು "ಏಳು ಪ್ಲೈ ಮಾಡ್ಬಿಡೋಣ ಸಾರ್, ಟೆನ್ಷನ್ನೇ ಇರಲ್ಲ" ಅಂತ ಒಮ್ಮೆ ಅಂದರು. ಏಳು ಪ್ಲೈ ಮಷಿನ್ ಭಾಗಗಳಂಥ ಸರಕಿಗೆ. 12 ಕಿಲೋ ಎಣ್ಣೆಗೆ ಅದನ್ನು ಹಾಕಿದರೆ ಬಾಕ್ಸಿನ ದುಡ್ಡನ್ನು ಎಣ್ಣೆಯ ಮೇಲೆ ಹೇರಬೇಕಾಗುತ್ತದೆ.

ಷಡ್ಡಕರ ತಲೆನೋವು ಬೇರೆ. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. ನನ್ನ ಎಣ್ಣೆ ಬಾಕ್ಸ್ ಈ ಲೆಕ್ಕದಲ್ಲಿ ಆರು ಕಿಲೋ ಚಿಲ್ಲರೆ, ನಿಜ ತೂಕ 12, ಆದ್ದರಿಂದ ನನಗೆ ಚಿಂತೆ ಇಲ್ಲ. ಅವರ ಬಾಕ್ಸ್ 60, 45, 45. ಒಳಗೆ ಏಳು ಕಿಲೋ ಮಂಡಕ್ಕಿ, ಬಿಲ್ಲು 24.3 ಕಿಲೋಗೆ! ಪ್ಯಾಕೆಟ್ಟಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಮಾಡಿ ಎತ್ತರವನ್ನು 40ಕ್ಕೆ ಇಳಿಸಿದರು, ಬಿಲ್ಲು 21.6ಕ್ಕೆ ಬಂತು. ಬಾಕ್ಸ್ ಇನ್ನೂ ದೊಡ್ಡದು ಮಾಡಿದರೆ ಗಟ್ಟಿ ಆಗುತ್ತೆ ಅನ್ನುವ ಆಸೆಯೂ ಬೇಡ. ಸುತ್ತಳತೆ ನಾಲ್ಕು ಪಟ್ಟು ಮಾಡಿದರೂ ಬಲ ಹೆಚ್ಚುವುದು ಎರಡು ಪಟ್ಟು ಮಾತ್ರ. ಅವರಿಗೆ ಐದು ಪ್ಲೈಯೇ, ಆದರೆ ಒಂದು ದಪ್ಪ ಸುಕ್ಕು, ಒಂದು ಸಣ್ಣ ಸುಕ್ಕು, ಕಾಗದ ಸಾಧಾರಣ ಬಿಎಫ್. ಸುಕ್ಕಿನ ಗೆರೆ ನೆಟ್ಟಗೆ ನಿಂತಿರಬೇಕು, ಮಲಗಿದ್ದರೆ ಗೋಡೆ ಕುಸಿಯುತ್ತದೆ. ಲಾರಿಯಲ್ಲಿ ಹಗುರದ್ದು ಮೇಲೆ ಇಡುತ್ತಾರೆ ಅಂತ ನಂಬುವ ಹಾಗಿಲ್ಲ. ಲೋಡ್ ಆಗುವುದು ಇಳಿಯುವ ಊರಿನ ಕ್ರಮದಲ್ಲಿ, ತೂಕದ ಕ್ರಮದಲ್ಲಿ ಅಲ್ಲ.

ನಮ್ಮೂರಿನ ಕಂಬಳಿ ಕಳಿಸುವವರಿಗೂ ಒಂದು ಮಾತು. ಕಂಬಳಿಯನ್ನು ಅದುಮಿ ತುಂಬಿದರೆ ಬಾಕ್ಸ್ ಹೊಟ್ಟೆ ಬಿಡುತ್ತದೆ, ಹೊಟ್ಟೆ ಬಿಟ್ಟ ಗೋಡೆ ಭಾರ ಹೊರುವುದಿಲ್ಲ. ಮೊದಲು ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ, ಆಮೇಲೆ ಬಾಕ್ಸಿಗಿಳಿಸಿ.

ಆರ್ಡರ್ ಕೊಡುವಾಗ ಚೀಟಿಯಲ್ಲಿ ನಾನು ಬರೆಯುವುದು ಇಷ್ಟು: ಒಳ ಅಳತೆ 350, 265, 282 ಮಿಲಿಮೀಟರ್. ಐದು ಪ್ಲೈ, ಪ್ರತಿ ಪದರದ ಜಿಎಸ್ಎಂ ಮತ್ತು ಬಿಎಫ್ ಬೇರೆ ಬೇರೆ. ಸುಕ್ಕು ನೆಟ್ಟಗೆ. ಜೋಡಣೆಗೆ ಅಂಟು, ಪಿನ್ ಬೇಡ. ತಳಕ್ಕೆ ಮತ್ತು ಮೇಲೆ ಒಂದೊಂದು ಪ್ಯಾಡ್. ಮುದ್ರಣ ಒಂದೇ ಬಣ್ಣ, ಕಡಿಮೆ ಜಾಗದಲ್ಲಿ, ಯಾಕೆಂದರೆ ಒತ್ತಿ ಅಚ್ಚು ಹಾಕಿದಲ್ಲಿ ಸುಕ್ಕು ಚಪ್ಪಟೆಯಾಗುತ್ತದೆ. "ಒಳ ಅಳತೆ" ಅನ್ನುವುದಕ್ಕೆ ಕೆಳಗೆ ಗೆರೆ ಎಳೆಯುತ್ತೇನೆ. ಐದು ಪ್ಲೈಯಲ್ಲಿ ಒಳಗಿನ ಮತ್ತು ಹೊರಗಿನ ಅಳತೆಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಫರಕು ಬರುತ್ತದೆ, ಅಷ್ಟರಲ್ಲಿ ಕೊನೆಯ ಸಾಲಿನ ಬಾಟಲಿ ಹಿಡಿಯದೆ ಹೋಗುತ್ತದೆ.