ಪಂಜರದ ಕಾಳಗಕ್ಕೆ ಬಾಜಿ: ನ್ಯೂಜೆರ್ಸಿಯ ಒಬ್ಬ ಲೆಕ್ಕಿಗನ ಸಲಹೆ

ಗುದ್ದು, ಒದೆತ, ಕುಸ್ತಿ ಎಲ್ಲವೂ ಸೇರಿದ ಎಂಎಂಎ ಪಂದ್ಯಗಳ ಮೇಲೆ ಹಣ ಕಟ್ಟುವುದಾದರೆ ನ್ಯೂಜೆರ್ಸಿಗಿಂತ ತಕ್ಕ ಜಾಗ ಇಲ್ಲ. ಈ ಆಟದ ಏಕರೂಪ ನಿಯಮಗಳು ರೂಪುಗೊಂಡದ್ದು ಇದೇ ರಾಜ್ಯದ ಕ್ರೀಡಾ ನಿಯಂತ್ರಣ ಮಂಡಳಿಯಲ್ಲಿ. 2000ದ ನವೆಂಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ, ಈ ಆಟದ ದೊಡ್ಡ ಸಂಸ್ಥೆಯಾದ ಯುಎಫ್‌ಸಿಯ 28ನೆಯ ಕೂಟ ಆ ನಿಯಮಗಳಡಿಯಲ್ಲೇ ನಡೆಯಿತು. ಕ್ರೀಡಾ ಬೆಟ್ಟಿಂಗ್‌ಗೆ ಅಡ್ಡವಾಗಿದ್ದ ಕೇಂದ್ರ ಕಾನೂನಿನ ವಿರುದ್ಧ ಹೋರಾಡಿ, 2018ರ ಮೇ 14ರಂದು ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದದ್ದೂ ಇದೇ ರಾಜ್ಯ. ಇಲ್ಲಿನ ಕನ್ನಡಿಗ ಹುಡುಗರು ನನ್ನನ್ನು ಈ ವಿಷಯ ಕೇಳುವುದಕ್ಕೆ ಕಾರಣ ಎರಡು: ನನ್ನ ಕಸುಬು ತೆರಿಗೆ ಲೆಕ್ಕದ್ದು, ನಾನು ಬೆಳೆದದ್ದು ದಾವಣಗೆರೆಯ ಕುಸ್ತಿ ಅಖಾಡಗಳ ಅಂಚಿನಲ್ಲಿ. ಲೆಕ್ಕ ಇಲ್ಲಿ ಕೈಹಿಡಿಯುತ್ತದೆ. ಕುಸ್ತಿಯ ಕಣ್ಣು ಅರ್ಧ ಸಹಾಯ, ಅರ್ಧ ಮೋಸ.

ಕಾನೂನು ಮೊದಲು ಮುಗಿಸಿಬಿಡೋಣ. ವಯಸ್ಸು 21 ತುಂಬಿರಬೇಕು. ಬಾಜಿ ಕಟ್ಟುವ ಹೊತ್ತಿಗೆ ನೀವು ರಾಜ್ಯದ ಗಡಿಯೊಳಗೇ ಇರಬೇಕು. ಮೊಬೈಲ್ ನಿಮ್ಮ ಸ್ಥಳವನ್ನು ಹೇಳಿಬಿಡುತ್ತದೆ. ಜೆರ್ಸಿ ಸಿಟಿಯಲ್ಲಿ ರೈಲು ಹತ್ತಿ ಹಡ್ಸನ್ ನದಿಯ ಆಚೆ ಇಳಿದರೆ ನೀವು ನ್ಯೂಯಾರ್ಕ್‌ನ ಕಾನೂನಿನಡಿ ಬಂದಿರಿ. ಅಲ್ಲಿಯೂ ಮೊಬೈಲ್ ಬೆಟ್ಟಿಂಗ್ ಕಾನೂನುಬದ್ಧವೇ, ಆದರೆ ಪರವಾನಗಿ ಬೇರೆ. ಬಾಜಿ ತೆಗೆದುಕೊಳ್ಳುವ ಕಂಪನಿಗೆ ನ್ಯೂಜೆರ್ಸಿ ರಾಜ್ಯದ ಗೇಮಿಂಗ್ ಜಾರಿ ವಿಭಾಗದ ಪರವಾನಗಿ ಇದೆಯೇ ಎಂದು ಆ ವಿಭಾಗದ ಜಾಲತಾಣದಲ್ಲೇ ನೋಡಿ. ಯಾವುದೋ ದ್ವೀಪದಲ್ಲಿ ಕುಳಿತು ದೊಡ್ಡ ಬೋನಸ್ ತೋರಿಸುವ ಜಾಲತಾಣ ಗೆದ್ದ ಹಣ ಕೊಡದಿದ್ದರೆ ನೀವು ದೂರುವುದು ಯಾರಿಗೆ?

ಖಾತೆ ನಿಮ್ಮದು, ಬಾಜಿಯೂ ನಿಮ್ಮದೇ ಆಗಿರಬೇಕು. ಊರಿನಿಂದ ಚಿಕ್ಕಪ್ಪನ ಮಗ “ಅಣ್ಣಾ, ನನ್ನದೂ ಒಂದೈದು ಸಾವಿರ ಹಾಕು” ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆಯುತ್ತಾನೆ. ಹಾಕುವುದಿಲ್ಲ. ಬೇರೆಯವರ ಪರವಾಗಿ ಕಟ್ಟುವುದಕ್ಕೆ ಇಲ್ಲಿ ಅವಕಾಶವಿಲ್ಲ. ಭಾರತದಲ್ಲಂತೂ ಹಣ ಪಣವಿಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಬಂದ ಕಾನೂನೇ ನಿಷೇಧಿಸಿದೆ. ದಾವಣಗೆರೆಯಲ್ಲಿ ಕುಳಿತವನಿಗೆ ಯುಎಫ್‌ಸಿ ನೋಡುವ ಸುಖ ಮಾತ್ರ.

ಇನ್ನು ಹಣ. ವರ್ಷಕ್ಕೆ ಎಷ್ಟು ಹೋದರೂ ಮನೆಯಲ್ಲಿ ಯಾರಿಗೂ ತೊಂದರೆಯಾಗದೋ ಅಷ್ಟನ್ನು ಪ್ರತ್ಯೇಕವಾಗಿಡಿ, ಒಂದು ಪಂದ್ಯಕ್ಕೆ ಅದರಲ್ಲಿ ನೂರಕ್ಕೆ ಎರಡರ ಮೇಲೆ ಹೋಗಬೇಡಿ. ಆ್ಯಪ್‌ನಲ್ಲಿ ಠೇವಣಿಗೆ ಮಿತಿ ಹಾಕುವ ಸೌಲಭ್ಯವಿದೆ. ಮೊದಲ ಬಾಜಿಗಿಂತ ಮುಂಚೆ ಹಾಕಿ, ಸೋತ ರಾತ್ರಿ ಅದು ನೆನಪಾಗುವುದಿಲ್ಲ. ಕ್ರೆಡಿಟ್ ಕಾರ್ಡ್ ಬೇಡ. ಅನೇಕ ಬ್ಯಾಂಕುಗಳು ಅದನ್ನು ನಗದು ಮುಂಗಡವೆಂದು ಪರಿಗಣಿಸಿ ಅಂದಿನಿಂದಲೇ ಬಡ್ಡಿ ಹಾಕುತ್ತವೆ.

ಈಗ ನಿಜವಾದ ಕೆಲಸ: ದರ ಓದುವುದು. ಅಮೆರಿಕದಲ್ಲಿ ಮೈನಸ್ 200 ಎಂದರೆ ನೂರು ಡಾಲರ್ ಗೆಲ್ಲಲು 200 ಕಟ್ಟಬೇಕು. ಪ್ಲಸ್ 170 ಎಂದರೆ ನೂರು ಕಟ್ಟಿದರೆ 170 ಲಾಭ. ಇದನ್ನು ಗೆಲುವಿನ ಸಾಧ್ಯತೆಯ ಶೇಕಡಾವಾರಿಗೆ ತಿರುಗಿಸಿ. ಮೈನಸ್ ಇದ್ದರೆ 200ನ್ನು 300ರಿಂದ ಭಾಗಿಸಿ, ಶೇ 66.7. ಪ್ಲಸ್ ಇದ್ದರೆ 100ನ್ನು 270ರಿಂದ ಭಾಗಿಸಿ, ಶೇ 37. ಎರಡನ್ನೂ ಕೂಡಿದರೆ ನೂರು ಬರಬೇಕಿತ್ತು, ಬಂದದ್ದು 103.7. ಹೆಚ್ಚಿನ ಆ 3.7 ಕಂಪನಿಯ ಪಾಲು. ದಲ್ಲಾಳಿ ತನ್ನ ಕಮಿಷನ್ ಹಿಡಿದುಕೊಂಡೇ ಮಾತನಾಡುತ್ತಾನೆ.

ಆದ್ದರಿಂದ ‘ಯಾರು ಗೆಲ್ಲುತ್ತಾರೆ’ ಎಂಬುದು ತಪ್ಪು ಪ್ರಶ್ನೆ. ಈ ದರಕ್ಕೆ ಕಟ್ಟುವುದು ಲಾಭವೇ ಎಂದು ಕೇಳಿ. ದರ ನೋಡುವ ಮೊದಲೇ ನಿಮ್ಮ ಅಂದಾಜನ್ನು ಕಾಗದದ ಮೇಲೆ ಬರೆಯಿರಿ. ನೋಡಿದ ಮೇಲೆ ಬರೆದರೆ ಅದು ಕಂಪನಿಯ ಅಂದಾಜಿನ ನಕಲು. ಫೇವರಿಟ್‌ಗೆ, ಅಂದರೆ ಗೆಲ್ಲುತ್ತಾನೆಂದು ಹೆಚ್ಚು ನಿರೀಕ್ಷೆಯಿರುವವನಿಗೆ, ನೀವು ಶೇ 60 ಕೊಟ್ಟಿದ್ದೀರಿ, ದರ ಶೇ 66.7 ಕೇಳುತ್ತಿದೆ ಎನ್ನೋಣ. ಅವನೇ ಗೆಲ್ಲುತ್ತಾನೆ ಎಂದು ನೀವು ನಂಬಿದ್ದರೂ ಅವನ ಮೇಲೆ ಕಟ್ಟಬಾರದು. ಎದುರಾಳಿಗೆ ನೀವು ಕೊಟ್ಟ 40ಕ್ಕೆ ಅವನ ದರ 37 ಮಾತ್ರ ಕೇಳುತ್ತಿರುವುದರಿಂದ ಲಾಭ ಇದ್ದರೆ ಅಲ್ಲಿದೆ. ಹೆಚ್ಚಿನ ಪಂದ್ಯಗಳಲ್ಲಿ ಎರಡೂ ಕಡೆ ಏನೂ ಸಿಗುವುದಿಲ್ಲ. ಆಗ ಸುಮ್ಮನೆ ಪಂದ್ಯ ನೋಡಿ.

ಅಂದಾಜು ಮಾಡುವುದು ಹೇಗೆ? ಕುಸ್ತಿಯ ಕಣ್ಣು ಮೋಸ ಮಾಡುವುದು ಇಲ್ಲೇ. ನಮಗೆ ಚಿತ್ ಆದವನು ಸೋತವನು. ಇಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಏನೂ ಮುಗಿಯುವುದಿಲ್ಲ. 2010ರ ಆಗಸ್ಟ್‌ನಲ್ಲಿ ಓಕ್‌ಲ್ಯಾಂಡ್‌ನಲ್ಲಿ ಚೇಲ್ ಸೊನ್ನೆನ್ ಅವರು ಆ್ಯಂಡರ್ಸನ್ ಸಿಲ್ವಾ ಅವರನ್ನು ನಾಲ್ಕು ಸುತ್ತು ಕೆಡವಿ, ಮೇಲೆ ಕುಳಿತು ಗುದ್ದಿದರು. ಐದನೆಯ ಸುತ್ತಿನಲ್ಲೂ ಅದೇ ಚಿತ್ರ. ಅಷ್ಟರಲ್ಲಿ ಕೆಳಗೆ ಬಿದ್ದಿದ್ದ ಸಿಲ್ವಾ ಎರಡು ಕಾಲುಗಳ ನಡುವೆ ಸೊನ್ನೆನ್ ಅವರ ಕುತ್ತಿಗೆಯನ್ನೂ ಒಂದು ತೋಳನ್ನೂ ಸಿಕ್ಕಿಸಿ, ತೋಳನ್ನು ಎಳೆದು ಬಿಗಿದರು. ಸೊನ್ನೆನ್ ಸೋಲೊಪ್ಪಿದರು, ಪಟ್ಟ ಸಿಲ್ವಾ ಅವರಲ್ಲೇ ಉಳಿಯಿತು. ಮೂವರು ತೀರ್ಪುಗಾರರೂ ಅಂಕ ಕೊಡುವಾಗ ಮೊದಲು ನೋಡುವುದು ಹೊಡೆತ ಮತ್ತು ಪಟ್ಟುಗಳ ಪರಿಣಾಮವನ್ನು. ಬರೀ ಅದುಮಿ ಹಿಡಿದದ್ದಕ್ಕೆ ದೊಡ್ಡ ಬೆಲೆಯಿಲ್ಲ. ಹಾಗಾಗಿ ಮೇಲೆ ಬಂದವನು ಅಲ್ಲಿ ಏನು ಮಾಡುತ್ತಾನೆ, ಕೆಳಗಿನವನಿಗೆ ಎದ್ದು ನಿಲ್ಲಲು ಬರುತ್ತದೆಯೇ ಎಂದು ಹಳೆಯ ಪಂದ್ಯಗಳಲ್ಲಿ ನೋಡಿ. ಮೂರು ಸುತ್ತಿಗೆ ಸಾಲುವ ಉಸಿರು ಐದು ಸುತ್ತಿಗೂ ಸಾಲುತ್ತದೆಯೇ ಎಂಬುದನ್ನೂ.

ತೂಕದ ದಿನವನ್ನು ಬಿಡಬೇಡಿ. ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ ಬೆಳಿಗ್ಗೆ ತೂಕ ಹಾಕುತ್ತಾರೆ. ಪಟ್ಟದ ಪಂದ್ಯವಲ್ಲದಿದ್ದರೆ ತೂಕದ ಮಿತಿಯ ಮೇಲೆ ಒಂದು ಪೌಂಡ್ ರಿಯಾಯಿತಿ. ಮೈಯ ನೀರನ್ನೆಲ್ಲ ಹಿಂಡಿ ಬಂದವರ ಕೆನ್ನೆ ಗುಳಿಬಿದ್ದಿರುತ್ತದೆ, ತಕ್ಕಡಿಯ ಮೆಟ್ಟಿಲು ಹತ್ತುವಾಗ ಕಾಲು ನಡುಗುತ್ತದೆ. ಅದನ್ನು ನೋಡಿದ ಮೇಲೆ ಹಿಂದಿನ ರಾತ್ರಿ ಬರೆದ ಶೇಕಡಾವಾರನ್ನು ತಿದ್ದುವುದರಲ್ಲಿ ತಪ್ಪಿಲ್ಲ.

ನಮ್ಮವರು ಎಂಬ ಅಭಿಮಾನಕ್ಕೆ ಶೇಕಡಾ ಲೆಕ್ಕ ಬರುವುದಿಲ್ಲ. ಭಾರತದ ಯುಎಫ್‌ಸಿ ಸ್ಪರ್ಧಿ ಅಂಶುಲ್ ಜುಬ್ಲಿ ಅವರು 2023ರ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಮೂರನೆಯ ಸುತ್ತಿನಲ್ಲಿ ನಾಕೌಟ್ ಆದರು. 2025ರ ಫೆಬ್ರುವರಿಯಲ್ಲಿ ಸಿಡ್ನಿಯಲ್ಲಿ 19 ಸೆಕೆಂಡಿನಲ್ಲೇ ಸೋತರು. 2024ರಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದ ಪೂಜಾ ತೋಮರ್ ಅವರಿಗಾಗಿ ನಾನು ಮನೆಯಲ್ಲಿ ಕೂಗಾಡಿದ್ದೇನೆ, ಹಣ ಕಟ್ಟಿರಲಿಲ್ಲ. ಎರಡನ್ನೂ ಬೇರೆಬೇರೆ ಇಟ್ಟರೆ ಪಂದ್ಯವೂ ಚೆನ್ನಾಗಿ ಕಾಣುತ್ತದೆ.

ಪಂದ್ಯಕ್ಕೆ ಕೆಲವೇ ಗಂಟೆಗಳಿರುವಾಗ ದರ ಕಾರಣವಿಲ್ಲದೆ ಜಾರಿದರೆ ದೂರ ಉಳಿಯಿರಿ. 2022ರ ನವೆಂಬರ್‌ನಲ್ಲಿ ಲಾಸ್ ವೇಗಾಸ್‌ನಲ್ಲಿ ಡ್ಯಾರಿಕ್ ಮಿನ್ನರ್ ಮೊದಲ ಸುತ್ತಿನಲ್ಲೇ ಸೋಲುತ್ತಾರೆ ಎಂಬ ಕಡೆಗೆ ಹಣ ಹರಿಯಿತು. ಅವರು ಒಂದು ಒದೆತ ಹಾಕಿ ಕಾಲು ನೋಯಿಸಿಕೊಂಡು ಮೊದಲ ಸುತ್ತಿನಲ್ಲೇ ಸೋತರು. ಗಾಯವನ್ನು ತಿಳಿಸದೆ ಕಣಕ್ಕಿಳಿದದ್ದಕ್ಕೆ ನೆವಾಡ ರಾಜ್ಯದ ಕ್ರೀಡಾ ಆಯೋಗ ಅವರನ್ನು ಅಮಾನತುಗೊಳಿಸಿತು. ಅವರ ಕೋಚ್‌ಗೆ ಸಂಬಂಧಿಸಿದ ಪಂದ್ಯಗಳ ಮೇಲೆ ಬಾಜಿ ಸ್ವೀಕರಿಸುವುದನ್ನು ನ್ಯೂಜೆರ್ಸಿ ನಿಲ್ಲಿಸಿತು.

ಹಲವು ಪಂದ್ಯಗಳನ್ನು ಒಂದೇ ಸರಕ್ಕೆ ಪೋಣಿಸುವ ಪಾರ್ಲೆಯನ್ನು ಆ್ಯಪ್ ದೊಡ್ಡ ಅಕ್ಷರದಲ್ಲಿ ತೋರಿಸುವುದು ನಿಮ್ಮ ಮೇಲಿನ ಪ್ರೀತಿಯಿಂದಲ್ಲ. ಮೂರರಲ್ಲಿ ಎರಡು ಸಲ ಗೆಲ್ಲುವ ನಾಲ್ವರು ಫೇವರಿಟ್‌ಗಳು ಒಟ್ಟಿಗೆ ಗೆಲ್ಲುವ ಸಾಧ್ಯತೆ ಶೇ 20ಕ್ಕೂ ಸ್ವಲ್ಪ ಕಡಿಮೆ. ಪಂದ್ಯ ನಡೆಯುತ್ತಿರುವಾಗ ಕಟ್ಟುವುದೂ ಬೇಡ. 2022ರ ಆಗಸ್ಟ್‌ನಲ್ಲಿ ಕಮಾರು ಉಸ್ಮಾನ್ ಅಂಕಗಳಲ್ಲಿ ಮುಂದಿದ್ದರು, ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ. ಲಿಯಾನ್ ಎಡ್ವರ್ಡ್ಸ್ ತಲೆಗೆ ಬೀಸಿದ ಒಂದು ಒದೆತಕ್ಕೆ ಪಟ್ಟ ಕೈಬದಲಾಯಿತು.

ಸೋತದ್ದನ್ನು ಹಿಂದೆ ಪಡೆಯಬೇಕೆಂದು ಇನ್ನೊಂದು ಬಾಜಿ ಹುಡುಕುತ್ತಿದ್ದರೆ, ಮನೆಯವರಿಂದ ಲೆಕ್ಕ ಮುಚ್ಚಿಡುತ್ತಿದ್ದರೆ ಜೂಜಿನ ಚಟದ ಸಹಾಯವಾಣಿ 1-800-426-2537ಕ್ಕೆ ಕರೆ ಮಾಡಿ. ಸ್ವಯಂ ಬಹಿಷ್ಕಾರದ ಪಟ್ಟಿಗೆ ಹೆಸರು ಕೊಟ್ಟರೆ ರಾಜ್ಯದ ಯಾವ ಕಂಪನಿಯೂ ನಿಮ್ಮಿಂದ ಆನ್‌ಲೈನ್ ಬಾಜಿ ತೆಗೆದುಕೊಳ್ಳುವಂತಿಲ್ಲ.

ಕೊನೆಗೆ ನನ್ನ ಕಸುಬು. ಗೆದ್ದ ಪ್ರತಿ ಡಾಲರ್ ಆದಾಯವೇ, ಕಂಪನಿಯಿಂದ ಫಾರಂ ಬಂದಿರಲಿ ಬಾರದಿರಲಿ. ಸೋತದ್ದನ್ನು ಕಳೆಯಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ವಿವರ ಕೊಡದೆಯೇ ಆದಾಯದಿಂದ ಕಳೆಯಬಹುದಾದ ನಿಗದಿತ ಮೊತ್ತ, ಬಿಟ್ಟುಕೊಡಬೇಕು, ಮೇಲಾಗಿ 2025ರಲ್ಲಿ ಬಂದ ಕಾನೂನಿನ ಪ್ರಕಾರ 2026ರಿಂದ ಸೋತದ್ದರಲ್ಲಿ ಶೇ 90ನ್ನು ಮಾತ್ರ ಕಳೆಯಬಹುದು. ಹತ್ತು ಸಾವಿರ ಗೆದ್ದು ಹತ್ತು ಸಾವಿರ ಸೋತವರಿಗೆ ಜೇಬಿನಲ್ಲಿ ಏನೂ ಇಲ್ಲದಿದ್ದರೂ ಒಂದು ಸಾವಿರಕ್ಕೆ ತೆರಿಗೆ ಬೀಳುತ್ತದೆ. ಜನವರಿಯಲ್ಲೇ ಆ್ಯಪ್‌ನಿಂದ ವರ್ಷದ ಪೂರ್ತಿ ಲೆಕ್ಕಪಟ್ಟಿ ಇಳಿಸಿಕೊಳ್ಳಿ; ತೆರಿಗೆ ಗಡುವಿನ ಹಿಂದಿನ ದಿನ, ಏಪ್ರಿಲ್ 14ರ ರಾತ್ರಿ, ನನಗೆ ಫೋನ್ ಮಾಡಬೇಡಿ.